ಬೆಳಗಿನ ಬಾಯಿವಾಸನೆ: ಮೂಗಿನಿಂದ ಮಾಪಕದವರೆಗೆ

ಬೆಳಗ್ಗೆ ಎದ್ದಾಗ ಬಾಯಿ ಅಂಟಂಟಾಗಿರುತ್ತದೆ, ನಾಲಿಗೆಯ ಮೇಲೆ ಬಿಳಿಯ ಲೇಪ ಕೂತಿರುತ್ತದೆ, ಉಸಿರಿಗೆ ಒಂದು ಬಗೆಯ ಕೆಟ್ಟ ವಾಸನೆ ಇರುತ್ತದೆ. ಬಡವ, ಬಲ್ಲಿದ, ಮಕ್ಕಳು, ಮುದುಕರು ಎನ್ನದೆ ಹೆಚ್ಚುಕಡಿಮೆ ಎಲ್ಲರ ಅನುಭವವೂ ಇದೇ. ಮುಖ ತೊಳೆದು ತಿಂಡಿ ತಿಂದ ಮೇಲೆ ಅದು ಬಹುಮಟ್ಟಿಗೆ ಮಾಯವಾಗುತ್ತದೆ. ಇಷ್ಟು ಸಾಮಾನ್ಯವಾದ ಸಂಗತಿಗೂ ಒಂದು ಚರಿತ್ರೆ ಇದೆಯೇ? ಇದೆ. ಅಷ್ಟೇ ಅಲ್ಲ, ಅಳತೆ ಎಂಬುದು ವಿಜ್ಞಾನಕ್ಕೆ ಏಕೆ ಮುಖ್ಯ ಎಂಬುದನ್ನು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಬಾಯಿವಾಸನೆಯಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ನಮ್ಮ ಬಾಯಿಯ ವಾಸನೆ ನಮಗೆ ಗೊತ್ತಾಗುವುದಿಲ್ಲ. ಒಂದೇ ವಾಸನೆಗೆ ಸದಾ ಒಡ್ಡಿಕೊಂಡಿರುವ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಎರಡನೆಯದು, ಗೊತ್ತಾದವರು ನಮಗೆ ಹೇಳುವುದಿಲ್ಲ. ಹೇಳುವುದು ಮರ್ಯಾದೆಯಲ್ಲ ಎಂದು ಮುಖ ತಿರುಗಿಸಿಕೊಳ್ಳುತ್ತಾರೆ. ಹೀಗೆ ತಾನೇ ಅರಿಯಲಾಗದ, ಇನ್ನೊಬ್ಬರನ್ನು ಕೇಳಲೂ ಆಗದ ವಿಷಯದಲ್ಲಿ ಊಹೆ, ನಾಚಿಕೆ ಮತ್ತು ವ್ಯಾಪಾರ ಈ ಮೂರಕ್ಕೂ ಧಾರಾಳವಾಗಿ ಜಾಗ ಸಿಕ್ಕಿತು. ವಾಸನೆ ಎಲ್ಲಿಂದ ಬರುತ್ತದೆ ಎಂಬ ಸರಳ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಅನಿಲಗಳನ್ನು ಅಳೆಯುವ ಉಪಕರಣಗಳು ಬಂದ ಮೇಲೆ.

ಕಡ್ಡಿಯ ಕಾಲ

ನಮ್ಮ ದೇಶದಲ್ಲಿ ಬೆಳಗಿನ ಬಾಯಿ ಶುದ್ಧಿ ಬಹಳ ಹಳೆಯ ರೂಢಿ. ಬೌದ್ಧ ಭಿಕ್ಷುಗಳ ನಡವಳಿಕೆಯನ್ನು ಹೇಳುವ ವಿನಯ ಗ್ರಂಥದಲ್ಲಿ ಹಲ್ಲುಕಡ್ಡಿ ಜಗಿಯದಿದ್ದರೆ ಆಗುವ ಐದು ಕೆಡುಕುಗಳ ಪಟ್ಟಿಯಿದೆ. ಬಾಯಿ ನಾರುವುದು ಅವುಗಳಲ್ಲಿ ಒಂದು. ಕ್ರಿ.ಶ. 671ರಲ್ಲಿ ಚೀನಾದಿಂದ ಹೊರಟು ನಾಲಂದಾದಲ್ಲಿ ಓದಿದ ಯಾತ್ರಿಕ ಇತ್ಸಿಂಗ್, ಭಾರತದ ಭಿಕ್ಷುಗಳು ಪ್ರತಿದಿನ ಬೆಳಗ್ಗೆ ಕಡ್ಡಿ ಜಗಿದು ಹಲ್ಲುಜ್ಜುತ್ತಾರೆ, ನಾಲಿಗೆಯನ್ನೂ ಕೆರೆದುಕೊಳ್ಳುತ್ತಾರೆ ಎಂದು ವಿವರವಾಗಿ ಬರೆದಿಟ್ಟಿದ್ದಾನೆ. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ, ಅದನ್ನೇ ಸೀಳಿ ಬಗ್ಗಿಸಿ ನಾಲಿಗೆ ಕೆರೆದುಕೊಳ್ಳುವವರನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಈ ಮಾತು ಹೊಸದೆನಿಸುವುದಿಲ್ಲ.

ಚರಕ ಸಂಹಿತೆಯ ಸೂತ್ರಸ್ಥಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾಲಿಗೆ ಕೆರೆಯುವ ಸಾಧನವನ್ನು ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯಿಂದ ಮಾಡಬೇಕು, ಅದು ಬಾಗಿರಬೇಕು, ಚೂಪಾಗಿರಬಾರದು ಎಂದು ಅದು ಹೇಳುತ್ತದೆ. ಮುಖ್ಯವಾದದ್ದು ಅದು ಕೊಡುವ ಕಾರಣ: ನಾಲಿಗೆಯ ಬುಡದಲ್ಲಿ ಸೇರುವ ಕೊಳೆ ದುರ್ಗಂಧಕ್ಕೆ ಎಡೆಮಾಡುತ್ತದೆ, ಆದ್ದರಿಂದ ಅದನ್ನು ಕೆರೆದು ತೆಗೆಯಬೇಕು. ಹಲ್ಲನ್ನೋ ಹೊಟ್ಟೆಯನ್ನೋ ಹೇಳದೆ ನಾಲಿಗೆಯ ಬುಡವನ್ನೇ ಹೇಳಿರುವುದು ಗಮನಾರ್ಹ. ಮುಂದೆ ನೋಡಲಿರುವಂತೆ, ಸುಮಾರು ಎರಡು ಸಾವಿರ ವರ್ಷಗಳ ನಂತರ ಉಪಕರಣಗಳು ಬೆರಳು ಮಾಡಿದ್ದೂ ಅಲ್ಲಿಗೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚರಕರ ಕಾಲದವರಿಗೆ ಬ್ಯಾಕ್ಟೀರಿಯಗಳು ಗೊತ್ತಿದ್ದವು ಎಂದು ಇದರಿಂದ ಹೇಳಲು ಬರುವುದಿಲ್ಲ. ಅವರದು ಒಳ್ಳೆಯ ವೀಕ್ಷಣೆ. ಕೆರೆದು ತೆಗೆದ ಲೇಪವನ್ನು ಮೂಸಿದ ಯಾರಿಗಾದರೂ ಸಿಗಬಹುದಾದ ತಿಳಿವಳಿಕೆ ಅದು. ಆದರೆ ಆ ಕೊಳೆ ಏಕೆ ನಾರುತ್ತದೆ, ರಾತ್ರಿ ಮಲಗಿದಾಗಲೇ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗಳಿಗೆ ಬರಿಗಣ್ಣು ಮತ್ತು ಮೂಗು ಸಾಲುವುದಿಲ್ಲ. ವೀಕ್ಷಣೆಯನ್ನು ಗೌರವಿಸೋಣ. ಅದಕ್ಕೆ ಇಲ್ಲದ ಅರ್ಥವನ್ನು ತುಂಬುವುದು ಬೇಡ.

ಬಾಯೊಳಗಿನ ಜನಸಂಖ್ಯೆ

ಮುಂದಿನ ಹೆಜ್ಜೆ ಬಿದ್ದದ್ದು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ (1632–1723) ತಾನೇ ಉಜ್ಜಿ ತಯಾರಿಸಿದ ಪುಟ್ಟ ಮಸೂರಗಳ ಮೂಲಕ ಕಂಡದ್ದನ್ನೆಲ್ಲ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸುತ್ತಿದ್ದ. 1683ರ ಸೆಪ್ಟೆಂಬರ್‌ನಲ್ಲಿ ಬರೆದ ಪತ್ರದಲ್ಲಿ ಆತ ತನ್ನ ಬಾಯಿಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ. ಪ್ರತಿದಿನ ಬೆಳಗ್ಗೆ ಉಪ್ಪಿನಿಂದ ಹಲ್ಲುಜ್ಜುವ ಅಭ್ಯಾಸ ಅವನದು. ಆದರೂ ಹಲ್ಲುಗಳ ಸಂದಿಯಲ್ಲಿ ಹಿಟ್ಟಿನ ಹದದ ಬಿಳಿಯ ವಸ್ತು ಉಳಿದಿರುತ್ತಿತ್ತು. ಅದನ್ನು ಮಳೆನೀರಿನೊಂದಿಗೆ ಬೆರೆಸಿ ನೋಡಿದಾಗ ಚುರುಕಾಗಿ ಓಡಾಡುವ ಸೂಕ್ಷ್ಮಜೀವಿಗಳು ಕಂಡವು. ತನ್ನೊಬ್ಬನ ಬಾಯಲ್ಲಿರುವ ಜೀವಿಗಳ ಸಂಖ್ಯೆ ಇಡೀ ನೆದರ್‌ಲೆಂಡ್ಸ್‌ನ ಜನಸಂಖ್ಯೆಗಿಂತ ಹೆಚ್ಚು ಎಂದು ಆತ ಅಂದಾಜು ಮಾಡಿದ.

ಬಾಯಲ್ಲಿ ಜೀವಿಗಳಿವೆ ಎಂಬುದು ಹೀಗೆ 1683ರಲ್ಲೇ ತಿಳಿಯಿತು. ಆದರೆ ಅವುಗಳಿಗೂ ಕೊಳೆಯುವಿಕೆಗೂ ಇರುವ ನಂಟು ಲೂಯಿ ಪಾಸ್ಚರ್ ಅವರ ಕಾಲದವರೆಗೆ, ಎಂದರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ, ಸ್ಪಷ್ಟವಾಗಲಿಲ್ಲ. ಕಂಡದ್ದಕ್ಕೂ ಅರ್ಥವಾದದ್ದಕ್ಕೂ ನಡುವೆ ಸುಮಾರು ಇನ್ನೂರು ವರ್ಷಗಳ ಅಂತರ!

ಶೀಷೆಯ ಕಾಲ

1867ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಕಾರ್ಬಾಲಿಕ್ ಆಮ್ಲವನ್ನು ಬಳಸಿ ಗಾಯಗಳು ಕೀವಾಗದಂತೆ ತಡೆಯುವ ವಿಧಾನವನ್ನು ಪ್ರಕಟಿಸಿದರು. ಅವರ ಕೀರ್ತಿ ಹಬ್ಬಿದಂತೆ ನಂಜುನಿವಾರಕ ದ್ರಾವಣಗಳಿಗೆ ಬೇಡಿಕೆ ಬಂತು. 1879ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಜೋಸೆಫ್ ಲಾರೆನ್ಸ್ ಎಂಬ ವೈದ್ಯರು ಒಂದು ದ್ರಾವಣ ತಯಾರಿಸಿ ಲಿಸ್ಟರ್ ಅವರ ಹೆಸರನ್ನೇ ಬಳಸಿಕೊಂಡು ಅದನ್ನು ಲಿಸ್ಟರಿನ್ ಎಂದು ಕರೆದರು. ಅದರಲ್ಲಿದ್ದ ವಸ್ತುಗಳು ನಮಗೆ ಅಪರಿಚಿತವೇನಲ್ಲ. ಓಮದ ಎಣ್ಣೆಯ ಮುಖ್ಯ ಘಟಕವಾದ ಥೈಮಾಲ್, ನೀಲಗಿರಿ ಎಣ್ಣೆಯ ಯೂಕಲಿಪ್ಟಾಲ್, ಪುದೀನ ಜಾತಿಯ ಗಿಡಗಳ ಮೆಂಥಾಲ್, ನೋವಿನ ಮುಲಾಮುಗಳಲ್ಲಿ ಬಳಸುವ ಮೀಥೈಲ್ ಸ್ಯಾಲಿಸಿಲೇಟ್ ಮತ್ತು ಇವುಗಳನ್ನು ಕರಗಿಸಲು ಆಲ್ಕೊಹಾಲ್.

ಮೊದಲು ಇದು ಶಸ್ತ್ರಚಿಕಿತ್ಸೆಯ ದ್ರಾವಣ. ಆಮೇಲೆ ದಂತವೈದ್ಯರ ಕೈಸೇರಿತು. 1914ರಿಂದ ಅಂಗಡಿಗಳಲ್ಲಿ ನೇರವಾಗಿ ಮಾರಾಟವಾಗತೊಡಗಿತು. 1920ರ ದಶಕದಲ್ಲಿ ಕಂಪನಿಯ ಜೆರಾರ್ಡ್ ಲ್ಯಾಂಬರ್ಟ್ ಮತ್ತು ಅವರ ಜಾಹೀರಾತು ಬರಹಗಾರರು ವೈದ್ಯಕೀಯದ ಮೂಲೆಯಲ್ಲಿದ್ದ ‘ಹ್ಯಾಲಿಟೋಸಿಸ್’ ಎಂಬ ಪದವನ್ನು ಮನೆಮಾತಾಗಿಸಿದರು. ಉಸಿರು ಎಂಬ ಅರ್ಥದ ಲ್ಯಾಟಿನ್ ಪದಕ್ಕೆ ರೋಗಸ್ಥಿತಿಯನ್ನು ಸೂಚಿಸುವ ಗ್ರೀಕ್ ಬಾಲ ಸೇರಿಸಿದ ಪದ ಅದು. ಎಲ್ಲರಿಗೂ ಇರುವ ಬಾಯಿವಾಸನೆ ಹೀಗೆ ರೋಗದಂತೆ ಕೇಳಿಸತೊಡಗಿತು. ಗೆಳತಿಯರಿಗೆಲ್ಲ ಮದುವೆಯಾದರೂ ತನಗೆ ಮಾತ್ರ ಏಕೆ ಆಗುತ್ತಿಲ್ಲವೆಂದು ತಿಳಿಯದ ಹುಡುಗಿಯ ಚಿತ್ರ ಆ ಜಾಹೀರಾತುಗಳಲ್ಲಿ ಪ್ರಸಿದ್ಧವಾದದ್ದು. ಕಾರಣ ಅವಳ ಉಸಿರು, ಹತ್ತಿರದವರೂ ಅದನ್ನು ಹೇಳುವುದಿಲ್ಲ ಎಂಬುದೇ ಅದರ ಸಾರ.

ಇದರ ತರ್ಕವನ್ನು ಗಮನಿಸಿ. ನಿಮಗೆ ವಾಸನೆ ಇದೆಯೋ ಇಲ್ಲವೋ ನಿಮಗೆ ಗೊತ್ತಾಗದು, ಬೇರೆಯವರು ಹೇಳರು, ಆದ್ದರಿಂದ ಇದೆ ಎಂದೇ ತಿಳಿದು ಶೀಷೆ ಕೊಳ್ಳಿ. ಅಲ್ಲಗಳೆಯಲು ಯಾರ ಬಳಿಯೂ ಅಳತೆಯಿರಲಿಲ್ಲ. ಇದೇ ಶೀಷೆ ನೆಗಡಿ ಮತ್ತು ಗಂಟಲು ನೋವನ್ನೂ ತಡೆಯುತ್ತದೆ ಎಂಬ ಮಾತನ್ನು ದಶಕಗಳ ಕಾಲ ಪ್ರಚಾರ ಮಾಡಲಾಯಿತು. ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. 1975ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ನೆಗಡಿ ತಡೆಯಲು ಇದು ನೆರವಾಗದು ಎಂದು ಮುಂದಿನ ಒಂದು ಕೋಟಿ ಡಾಲರ್ ಮೊತ್ತದ ಜಾಹೀರಾತುಗಳಲ್ಲಿ ಕಂಪನಿಯೇ ಹೇಳಬೇಕೆಂದು ಆದೇಶಿಸಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಆದೇಶವನ್ನು ಮುಖ್ಯಾಂಶದಲ್ಲಿ ಎತ್ತಿಹಿಡಿಯಿತು.

ಹೊಟ್ಟೆಯೋ, ಬಾಯಿಯೋ?

ಜಾಹೀರಾತುಗಳು ಬಾಯಿಯನ್ನು ಹೆದರಿಸುತ್ತಿದ್ದಾಗ, ಜನರ ನಂಬಿಕೆ ಹೊಟ್ಟೆಯ ಕಡೆಗೇ ಇತ್ತು. ಬಾಯಿ ನಾರಿದರೆ ಹೊಟ್ಟೆ ಕೆಟ್ಟಿದೆ ಎಂಬ ಮಾತು ಈಗಲೂ ನಮ್ಮಲ್ಲಿ ಕೇಳಿಬರುತ್ತದೆ. ಇದೇ ಕಾರಣಕ್ಕೆ ಹರಳೆಣ್ಣೆ ಕುಡಿದ ಮಕ್ಕಳು ಎಷ್ಟೋ. ಆದರೆ ಉಸಿರು ಬರುವುದು ಶ್ವಾಸಕೋಶದಿಂದ. ಅನ್ನನಾಳ ನುಂಗುವಾಗ, ತೇಗುವಾಗ ತೆರೆಯುತ್ತದೆಯೇ ಹೊರತು ಉಳಿದ ವೇಳೆ ಮುಚ್ಚಿರುತ್ತದೆ. ಹಾಗಿದ್ದ ಮೇಲೆ ಹೊಟ್ಟೆಯ ವಾಸನೆ ಉಸಿರಿಗೆ ಸೇರುವ ದಾರಿ ಯಾವುದು?

ಬೆಳ್ಳುಳ್ಳಿಯ ಮೇಲೆ ನಡೆದ ಒಂದು ಸ್ವಾರಸ್ಯಕರ ವಿವಾದ ಈ ಪ್ರಶ್ನೆಯನ್ನು ಹರಿತಗೊಳಿಸಿತು. 1935ರಲ್ಲಿ ಹ್ಯಾಗರ್ಡ್ ಮತ್ತು ಗ್ರೀನ್‌ಬರ್ಗ್, ಬೆಳ್ಳುಳ್ಳಿ, ಈರುಳ್ಳಿಗಳ ವಾಸನೆ ಬಾಯಲ್ಲಿ ಉಳಿದ ಕಣಗಳಿಂದ ಬರುತ್ತದೆ ಎಂದು ವಾದಿಸಿದರು. ಮರುವರ್ಷವೇ ಬ್ಲಾಂಕೆನ್‌ಹಾರ್ನ್ ಮತ್ತು ರಿಚರ್ಡ್ಸ್ ಬೇರೆ ಪುರಾವೆ ತಂದರು. ಬಾಯಿಗೆ ತಾಗದಂತೆ ಕೊಳವೆಯ ಮೂಲಕ ನೇರವಾಗಿ ಹೊಟ್ಟೆಗೆ ಬೆಳ್ಳುಳ್ಳಿ ಸಾರು ಕೊಟ್ಟ ರೋಗಿಯ ಉಸಿರಿನಲ್ಲೂ ಬೆಳ್ಳುಳ್ಳಿ ವಾಸನೆ ಬಂತು! ಹಾಗಾದರೆ ಅದು ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬಂದಿರಬೇಕು.

ಯಾರು ಸರಿ? ಮೂಗಿನಿಂದ ಇದನ್ನು ತೀರ್ಮಾನಿಸಲು ಆಗಲಿಲ್ಲ. 1999ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೈಕೇಲ್ ಲೆವಿಟ್ ಅವರ ತಂಡ ಒಂದೊಂದು ಅನಿಲವನ್ನೂ ಪ್ರತ್ಯೇಕವಾಗಿ ಅಳೆದಾಗ ಉತ್ತರ ಸಿಕ್ಕಿತು. ಬೆಳ್ಳುಳ್ಳಿ ತಿಂದ ಮೇಲೆ ಬರುವ ಹೆಚ್ಚಿನ ಗಂಧಕಯುಕ್ತ ಅನಿಲಗಳು ಬಾಯಿಯಲ್ಲೇ ಹುಟ್ಟಿದವು. ಅಲೈಲ್ ಮೀಥೈಲ್ ಸಲ್ಫೈಡ್ ಎಂಬುದೊಂದು ಮಾತ್ರ ಕರುಳಿನಿಂದ ರಕ್ತಕ್ಕೆ ಸೇರಿ ಗಂಟೆಗಟ್ಟಲೆ ಉಸಿರಿನಲ್ಲಿ ಉಳಿಯುತ್ತಿತ್ತು. ಇಬ್ಬರೂ ಸರಿ, ಆದರೆ ಬೇರೆ ಬೇರೆ ಅಣುಗಳ ವಿಷಯದಲ್ಲಿ. ಹಲ್ಲುಜ್ಜಿದರೂ ಬೆಳ್ಳುಳ್ಳಿ ವಾಸನೆ ಪೂರ್ತಿ ಹೋಗದಿರುವುದೇಕೆ ಎಂಬುದಕ್ಕೂ ಇದೇ ವಿವರಣೆ.

ಅಳತೆಯ ಕಾಲ

ವಾಸನೆಯನ್ನು ಅಳೆಯುವ ಯತ್ನ ಇದಕ್ಕಿಂತ ಮೊದಲೇ ಶುರುವಾಗಿತ್ತು. 1939ರಲ್ಲಿ ಷಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಫಾಸ್‌ಡಿಕ್ ಮತ್ತು ಸಂಗಡಿಗರು ‘ಆಸ್ಮೊಸ್ಕೋಪ್’ ಎಂಬ ಸಾಧನವನ್ನು ಉಸಿರಿನ ಪರೀಕ್ಷೆಗೆ ಬಳಸಿದರು. ವಾಸನೆಯ ಗಾಳಿಗೆ ಶುದ್ಧ ಗಾಳಿಯನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತ ಹೋಗುವುದು, ಎಷ್ಟು ಪಟ್ಟು ತೆಳುವಾದಾಗ ವಾಸನೆ ತಿಳಿಯದಂತಾಗುತ್ತದೆಂದು ಗುರುತಿಸುವುದು ಅದರ ತತ್ವ. ವಾಸನೆಗೆ ಒಂದು ಸಂಖ್ಯೆ ಸಿಕ್ಕಿತು, ನಿಜ. ಆದರೆ ಕೊನೆಯ ತೀರ್ಪು ಕೊಡುತ್ತಿದ್ದದ್ದು ಮನುಷ್ಯನ ಮೂಗೇ. ವಾಸನೆ ಎಷ್ಟು ಎಂದು ಅದು ಹೇಳಬಲ್ಲದು, ಯಾವ ವಸ್ತುವಿನದು ಎಂದು ಹೇಳಲಾರದು.

ಇಲ್ಲಿನ ಕಷ್ಟದ ಅಳತೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ. ಒಂದು ಉಸಿರಿನ ಗಾತ್ರ ಸುಮಾರು ಅರ್ಧ ಲೀಟರ್. ಕೊಠಡಿಯ ತಾಪದಲ್ಲಿ ಒಂದು ಮೋಲ್ ಅನಿಲದ ಗಾತ್ರ ಸುಮಾರು 24.5 ಲೀಟರ್. ಆದ್ದರಿಂದ ಒಂದು ಉಸಿರಿನಲ್ಲಿ ಸುಮಾರು 0.02 ಮೋಲ್ ಅನಿಲವಿರುತ್ತದೆ. ಅದರಲ್ಲಿ ಹೈಡ್ರೊಜನ್ ಸಲ್ಫೈಡ್ ನೂರು ಕೋಟಿಗೆ 100 ಭಾಗ ಇದೆ ಎಂದುಕೊಳ್ಳೋಣ. ಕೆಟ್ಟ ವಾಸನೆ ಇದೆ ಎನ್ನಲು ಇಷ್ಟು ಸಾಕು. ಹೈಡ್ರೊಜನ್ ಸಲ್ಫೈಡ್‌ನ ಅಣುತೂಕ 34. ಲೆಕ್ಕ ಹಾಕಿದರೆ ಆ ಉಸಿರಿನಲ್ಲಿರುವ ಅದರ ರಾಶಿ ಸುಮಾರು 70 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ 70 ಪಾಲು. ಮೂಗು ಇದನ್ನು ಸಲೀಸಾಗಿ ಹಿಡಿಯುತ್ತದೆ. 1940ರ ದಶಕದ ರಸಾಯನ ವಿಜ್ಞಾನಿಯ ತಕ್ಕಡಿ, ಪ್ರನಾಳಗಳಿಗೆ ಅದು ಎಟುಕುತ್ತಿರಲಿಲ್ಲ.

ಎರಡು ಆವಿಷ್ಕಾರಗಳು ದಾರಿ ತೆರೆದವು. 1952ರಲ್ಲಿ ಬ್ರಿಟನ್ನಿನ ಜೇಮ್ಸ್ ಮತ್ತು ಮಾರ್ಟಿನ್ ಅನಿಲ ಕ್ರೊಮಟಾಗ್ರಫಿಯನ್ನು ರೂಪಿಸಿದರು. ಮಿಶ್ರ ಅನಿಲವನ್ನು ಉದ್ದನೆಯ ಕೊಳವೆಯ ಮೂಲಕ ಹಾಯಿಸಿದಾಗ ಅದರ ಘಟಕಗಳು ಬೇರೆ ಬೇರೆ ವೇಗದಲ್ಲಿ ಸಾಗಿ ಒಂದೊಂದಾಗಿ ಹೊರಬರುತ್ತವೆ. 1966ರಲ್ಲಿ ಬ್ರಾಡಿ ಮತ್ತು ಚೇನಿ ಜ್ವಾಲೆಯ ಬೆಳಕನ್ನು ಅಳೆಯುವ ಪತ್ತೆಕಾರಕವನ್ನು ವರ್ಣಿಸಿದರು. ಹೈಡ್ರೊಜನ್ ಹೆಚ್ಚಾಗಿರುವ ಜ್ವಾಲೆಗೆ ಗಂಧಕದ ಸಂಯುಕ್ತ ಬಿದ್ದರೆ, ಎರಡು ಗಂಧಕ ಪರಮಾಣುಗಳು ಸೇರಿದ ಉದ್ರೇಕಿತ ಅಣು ಉಂಟಾಗಿ ನೀಲಿ ಬೆಳಕು ಸೂಸುತ್ತದೆ. ಅದರಲ್ಲಿ 394 ನ್ಯಾನೋಮೀಟರ್ ಅಲೆಯುದ್ದವನ್ನು ಮಾತ್ರ ಸೋಸಿ ಅಳೆದರೆ ಗಂಧಕ ಎಷ್ಟಿದೆಯೆಂದು ತಿಳಿಯುತ್ತದೆ. ನಾವು ತರಗತಿಯಲ್ಲಿ ಉಪ್ಪನ್ನು ಜ್ವಾಲೆಗೆ ಹಾಕಿ ಹಳದಿ ಬಣ್ಣ ತೋರಿಸುತ್ತೇವಲ್ಲ, ಇದು ಅದರದೇ ಸೂಕ್ಷ್ಮ ರೂಪ.

ಇವೆರಡನ್ನೂ ಜೋಡಿಸಿ ಬಾಯಿಯ ಗಾಳಿಯನ್ನು ನೇರವಾಗಿ ಪರೀಕ್ಷಿಸಿದವರು ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಜೋಸೆಫ್ ಟಾಂಜೆಟಿಚ್. 1971ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಬಾಯಿವಾಸನೆಯ ಪ್ರಮುಖ ಪಾತ್ರಧಾರಿಗಳು ಹೈಡ್ರೊಜನ್ ಸಲ್ಫೈಡ್, ಮೀಥೈಲ್ ಮರ್‌ಕ್ಯಾಪ್ಟನ್ ಮತ್ತು ಸ್ವಲ್ಪ ಮಟ್ಟಿಗೆ ಡೈಮೀಥೈಲ್ ಸಲ್ಫೈಡ್ ಎಂಬುದು ಖಚಿತವಾಯಿತು. ಬಾಯಿಯ ಗಂಧಕಯುಕ್ತ ಅನಿಲಗಳಲ್ಲಿ ಶೇಕಡ 90ರಷ್ಟು ಮೊದಲ ಎರಡರದೇ ಪಾಲು. ಮೊದಲನೆಯದು ಕೊಳೆತ ಮೊಟ್ಟೆಯ ವಾಸನೆ, ಬೆಳ್ಳಿಯನ್ನು ಕಪ್ಪಾಗಿಸುವ ಅನಿಲ. ಎರಡನೆಯದು, ಸೋರಿಕೆ ತಿಳಿಯಲೆಂದು ಅಡುಗೆ ಅನಿಲಕ್ಕೆ ಬೆರೆಸುವ ಈಥೈಲ್ ಮರ್‌ಕ್ಯಾಪ್ಟನ್‌ನ ಹತ್ತಿರದ ಸಂಬಂಧಿ. 1976ರಲ್ಲಿ ಟಾಂಜೆಟಿಚ್ ಮತ್ತು ಎನ್‌ಜಿ ಇನ್ನೊಂದು ಅಳತೆ ಪ್ರಕಟಿಸಿದರು. ಈ ಅನಿಲಗಳನ್ನು ತಗ್ಗಿಸುವುದರಲ್ಲಿ ಹಲ್ಲುಜ್ಜುವುದಕ್ಕಿಂತ ನಾಲಿಗೆ ಉಜ್ಜುವುದೇ ಹೆಚ್ಚು ಪರಿಣಾಮಕಾರಿ, ಎರಡನ್ನೂ ಮಾಡಿದರೆ ಇನ್ನೂ ಉತ್ತಮ. ಚರಕ ಸಂಹಿತೆ ಹೇಳಿದ ವಿಳಾಸಕ್ಕೆ ಉಪಕರಣದ ಮುದ್ರೆ ಬಿದ್ದದ್ದು ಹೀಗೆ.

ರಾತ್ರಿ ನಡೆಯುವುದೇನು?

ಬೆಳಗ್ಗೆಯೇ ವಾಸನೆ ಏಕೆ ಹೆಚ್ಚು? ಉತ್ತರದ ಅರ್ಧಭಾಗ ಜೊಲ್ಲಿನಲ್ಲಿದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ನಮ್ಮ ಬಾಯಲ್ಲಿ ಒಸರುತ್ತದೆ. ನಾವು ಅದನ್ನು ನುಂಗುತ್ತಲೇ ಇರುತ್ತೇವೆ. ಅದರ ಜೊತೆಗೆ ಬ್ಯಾಕ್ಟೀರಿಯ, ಉದುರಿದ ಜೀವಕೋಶ, ಆಹಾರದ ಚೂರು ಎಲ್ಲ ತೊಳೆದುಹೋಗುತ್ತವೆ. ಅದರಲ್ಲಿ ಕರಗಿದ ಆಕ್ಸಿಜನ್ನೂ ಇರುತ್ತದೆ. 1956ರಲ್ಲಿ ಶ್ನೇಯರ್ ಮತ್ತು ಸಂಗಡಿಗರು ಮಲಗಿದವರ ಗ್ರಂಥಿಗಳಿಂದ ಬರುವ ಜೊಲ್ಲನ್ನು ಅಳೆದು, ನಿದ್ದೆಯಲ್ಲಿ ಅದು ಬಹುಮಟ್ಟಿಗೆ ನಿಂತುಹೋಗುತ್ತದೆ ಎಂದು ತೋರಿಸಿದ್ದರು. 1972ರಲ್ಲಿ ಕಾಲಿನ್ ಡಾಸ್, ಜೊಲ್ಲಿನ ಹರಿವಿಗೆ ದಿನಚರಿಯ ಲಯವೇ ಇದೆಯೆಂದು ಸ್ಥಾಪಿಸಿದರು. ಜೊತೆಗೆ ನಿದ್ದೆಯಲ್ಲಿ ನುಂಗುವುದು, ಮಾತಾಡುವುದು, ಜಗಿಯುವುದು ಇಲ್ಲ. ಬಾಯಿ ತೆರೆದು ಮಲಗುವವರಲ್ಲಿ ಇರುವ ತೇವವೂ ಆರಿಹೋಗುತ್ತದೆ.

ಉಳಿದರ್ಧ ನಾಲಿಗೆಯ ಹಿಂಭಾಗದಲ್ಲಿದೆ. ಅದರ ಮೇಲ್ಮೈ ನುಣುಪಲ್ಲ. ಕಂಬಳಿಯಂತೆ ಸಣ್ಣ ಸಣ್ಣ ಎಳೆಗಳಿಂದ, ಕುಳಿಗಳಿಂದ ತುಂಬಿದೆ. ಮುಂಭಾಗವಾದರೆ ಅಂಗುಳಕ್ಕೆ, ಹಲ್ಲಿಗೆ ಉಜ್ಜಿ ಚೊಕ್ಕಟವಾಗುತ್ತದೆ. ಹಿಂಭಾಗಕ್ಕೆ ಆ ಉಜ್ಜಾಟ ಕಡಿಮೆ, ಮೂಗಿನಿಂದ ಇಳಿಯುವ ಸಿಂಬಳವೂ ಅಲ್ಲಿಗೇ ಸೇರುತ್ತದೆ. ಆ ಕುಳಿಗಳ ಆಳದಲ್ಲಿ ಆಕ್ಸಿಜನ್ ಬೇಡದ ಬ್ಯಾಕ್ಟೀರಿಯಗಳು ನೆಲೆಸುತ್ತವೆ. ಅವು ಪ್ರೋಟೀನ್‌ಗಳನ್ನು ಒಡೆದು ಅಮೈನೊ ಆಮ್ಲಗಳನ್ನಾಗಿಸಿ, ಗಂಧಕವಿರುವ ಸಿಸ್ಟೀನ್‌ನಿಂದ ಹೈಡ್ರೊಜನ್ ಸಲ್ಫೈಡನ್ನೂ ಮಿಥಿಯೊನೀನ್‌ನಿಂದ ಮೀಥೈಲ್ ಮರ್‌ಕ್ಯಾಪ್ಟನ್ನನ್ನೂ ಬಿಡುಗಡೆ ಮಾಡುತ್ತವೆ. ಕಾಲುವೆಯ ನೀರು ಹರಿಯುತ್ತಿರುವಾಗ ನಾರುವುದಿಲ್ಲ, ನಿಂತಾಗ ನಾರುತ್ತದೆ. ಬೆಳಗಿನ ಬಾಯಿಯೂ ಹಾಗೆಯೇ, ರಾತ್ರಿಯಿಡೀ ನಿಂತ ನೀರು. ಉಪವಾಸದ ದಿನ ಸಂಜೆಯವರೆಗೂ ಬಾಯಿವಾಸನೆ ಉಳಿಯುವುದಕ್ಕೂ ಇದೇ ಮುಖ್ಯ ಕಾರಣ: ಜಗಿಯದಿದ್ದರೆ ಜೊಲ್ಲಿಲ್ಲ.

ಕಾರ್ಖಾನೆಯ ಮಾಪಕ ಬಾಯಿಗೆ

ಅನಿಲ ಕ್ರೊಮಟಾಗ್ರಫಿಯ ಯಂತ್ರ ದೊಡ್ಡದು, ದುಬಾರಿ, ನುರಿತವರೇ ನಡೆಸಬೇಕು. 1991ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಮೆಲ್ ರೋಸೆನ್‌ಬರ್ಗ್ ಮತ್ತು ಸಹೋದ್ಯೋಗಿಗಳು ಸರಳವಾದ ದಾರಿ ಕಂಡುಕೊಂಡರು. ಕೈಗಾರಿಕೆಗಳಲ್ಲಿ ವಿಷಕಾರಿ ಹೈಡ್ರೊಜನ್ ಸಲ್ಫೈಡ್ ಸೋರಿಕೆಯನ್ನು ಪತ್ತೆಮಾಡಲು ಬಳಸುವ ಮಾಪಕಕ್ಕೆ ಒಂದು ಹೀರುಕೊಳವೆ ಜೋಡಿಸಿ ಬಾಯಿಯ ಗಾಳಿಯನ್ನು ಅಳೆದರು. ಇದರಲ್ಲಿ ಅನಿಲ ಒಂದು ವಿದ್ಯುದ್ವಾರದ ಮೇಲೆ ಉತ್ಕರ್ಷಣಗೊಂಡು ತನ್ನ ಪ್ರಮಾಣಕ್ಕೆ ತಕ್ಕಂತೆ ವಿದ್ಯುತ್ತನ್ನು ಹರಿಸುತ್ತದೆ. ಮೀಥೈಲ್ ಮರ್‌ಕ್ಯಾಪ್ಟನ್‌ಗೆ ಇದು ಅಷ್ಟು ಚೆನ್ನಾಗಿ ಸ್ಪಂದಿಸದು ಎಂಬ ಮಿತಿಯಿದ್ದರೂ, ದಂತವೈದ್ಯರ ಮೇಜಿನ ಮೇಲಿಡಬಹುದಾದ ಮಾಪಕ ಮೊದಲ ಬಾರಿಗೆ ಸಿಕ್ಕಿತು.

ಇದರಿಂದ ಹೊರಬಿದ್ದ ಸಂಗತಿಗಳಲ್ಲಿ ನನಗೆ ಬಹು ಮುಖ್ಯವೆನಿಸುವುದು ವಾಸನೆಯದಲ್ಲ, ಮನುಷ್ಯರದು. 1995ರಲ್ಲಿ ಇದೇ ತಂಡ, ಜನ ತಮ್ಮ ಬಾಯಿಯ ವಾಸನೆಗೆ ತಾವೇ ಕೊಟ್ಟ ಅಂಕವನ್ನು ತಜ್ಞರ ಅಂಕದೊಂದಿಗೆ ಹೋಲಿಸಿತು. ಎರಡಕ್ಕೂ ತಾಳೆಯಾಗಲಿಲ್ಲ. ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ಬಾಯಿವಾಸನೆ ಚಿಕಿತ್ಸಾಲಯಕ್ಕೆ ಬಂದ 2000 ಜನರ ವಿವರ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಶೇಕಡ 76 ಜನರಲ್ಲಿ ಕಾರಣ ಬಾಯಿಯಲ್ಲೇ ಇತ್ತು. ಅದರಲ್ಲೂ ನಾಲಿಗೆಯ ಲೇಪದ ಪಾಲೇ ದೊಡ್ಡದು, ಉಳಿದದ್ದು ಹೆಚ್ಚಾಗಿ ವಸಡಿನ ರೋಗ. ಸುಮಾರು ಶೇಕಡ 16 ಜನರಿಗೆ ಹೇಳಿಕೊಳ್ಳುವಂಥ ವಾಸನೆಯೇ ಇರಲಿಲ್ಲ! ಇದೆ ಎಂಬ ಭಯದಿಂದಲೇ ಅವರು ಬಂದಿದ್ದರು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು, ಜನರ ಹತ್ತಿರ ಕೂರದಿರುವುದು, ಹೀಗೆ ಇಲ್ಲದ ವಾಸನೆಗಾಗಿ ಬದುಕನ್ನೇ ಕಿರಿದು ಮಾಡಿಕೊಂಡವರಿಗೆ ‘ಇಲ್ಲ’ ಎಂದು ತೋರಿಸುವ ಒಂದು ಅಂಕಿ ಎಷ್ಟು ದೊಡ್ಡ ಔಷಧ ಎಂಬುದನ್ನು ಊಹಿಸಬಹುದು.

ಬಾಯಿಯಿಂದಲ್ಲದೆ ಬೇರೆಡೆಯಿಂದ ಬರುವ ವಾಸನೆಗಳೂ ಇವೆ, ಆದರೆ ಅವು ಕಡಿಮೆ. ಸೋಂಕು ತಗುಲಿದ ಮೂಗು ಮತ್ತು ಗಂಟಲು, ಹತೋಟಿ ತಪ್ಪಿದ ಮಧುಮೇಹದಲ್ಲಿ ಅಸಿಟೋನಿನ ವಾಸನೆ, ಮೂತ್ರಪಿಂಡ ಅಥವಾ ಯಕೃತ್ತಿನ ತೀವ್ರ ಕಾಯಿಲೆ ಇವು ಕೆಲವು. 2018ರಲ್ಲಿ ನೆದರ್‌ಲೆಂಡ್ಸ್‌ನ ಆರ್ಯನ್ ಪೋಲ್ ಮತ್ತು ಸಂಗಡಿಗರು, ದೇಹದಲ್ಲಿ ಉಂಟಾಗುವ ಮೀಥೈಲ್ ಮರ್‌ಕ್ಯಾಪ್ಟನ್ನನ್ನು ಒಡೆಯುವ ಕಿಣ್ವದ ಜೀನು ಕೆಟ್ಟಿರುವವರ ಉಸಿರು ಎಲೆಕೋಸಿನಂತೆ ನಾರುತ್ತದೆ ಎಂದು ಪತ್ತೆಹಚ್ಚಿದರು. ಇಂಥವರು ಎಷ್ಟು ಹಲ್ಲುಜ್ಜಿದರೂ ಪ್ರಯೋಜನವಿಲ್ಲ, ಅದು ಅವರ ತಪ್ಪೂ ಅಲ್ಲ.

ಬೆಳಗಿನ ಉಪಾಯ

ಬೆಳಗಿನ ವಾಸನೆಯನ್ನೇ ಗುರಿಯಾಗಿಟ್ಟುಕೊಂಡು ಲೆವಿಟ್ ಅವರ ತಂಡ 2000ದಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿತು. ಆರೋಗ್ಯವಂತರು ಎದ್ದ ಮೇಲೆ ಬೇರೆ ಬೇರೆ ಉಪಾಯ ಮಾಡಿದಾಗ ಬಾಯಿಯ ಗಂಧಕಯುಕ್ತ ಅನಿಲಗಳು ಎಷ್ಟು ಇಳಿಯುತ್ತವೆಂದು ಅಳೆಯಲಾಯಿತು. ಪೇಸ್ಟಿನಿಂದ ಬರೇ ಹಲ್ಲುಜ್ಜಿದ್ದರಿಂದ ಹೆಚ್ಚೇನೂ ಇಳಿಯಲಿಲ್ಲ. ಉಸಿರನ್ನು ಶುದ್ಧಿ ಮಾಡುತ್ತದೆಂದು ಮಾರುವ, ನುಂಗುವ ಗುಳಿಗೆಯೂ ಉಪಯೋಗಕ್ಕೆ ಬರಲಿಲ್ಲ. ನಾಲಿಗೆ ಉಜ್ಜುವುದು ಮತ್ತು ಬೆಳಗಿನ ತಿಂಡಿ ಅನಿಲಗಳನ್ನು ತಗ್ಗಿಸುವ ಲಕ್ಷಣ ತೋರಿದವು. ಹೈಡ್ರೊಜನ್ ಪೆರಾಕ್ಸೈಡ್‌ನಿಂದ ಬಾಯಿ ಮುಕ್ಕಳಿಸಿದ್ದು ಹೆಚ್ಚು ಹೊತ್ತು ಫಲ ಕೊಟ್ಟಿತು, ಏಕೆಂದರೆ ಅದು ಗಂಧಕದ ಅನಿಲಗಳನ್ನು ಉತ್ಕರ್ಷಿಸುತ್ತದೆ. ಆದರೆ ದಿನವೂ ಮನೆಯಲ್ಲಿ ಮಾಡುವ ಅಭ್ಯಾಸ ಅದಲ್ಲ. ವೈದ್ಯರ ಸಲಹೆಯಿಲ್ಲದೆ ಯಾರೂ ಪ್ರಯತ್ನಿಸಬಾರದು. ತಿಂಡಿ ಏಕೆ ನೆರವಾಗುತ್ತದೆ? ಜಗಿದಾಗ ಜೊಲ್ಲು ಒಸರುತ್ತದೆ, ಆಹಾರ ನಾಲಿಗೆಯನ್ನು ಉಜ್ಜುತ್ತದೆ.

ಹಾಗೆಂದು ಹಲ್ಲುಜ್ಜುವುದು ಬೇಡವೆಂದಲ್ಲ. ಹುಳುಕು ಮತ್ತು ವಸಡಿನ ರೋಗ ತಡೆಯಲು ಅದು ಅತ್ಯಗತ್ಯ. ಬೆಳಗಿನ ವಾಸನೆಗೆ ಮಾತ್ರ ಇನ್ನಷ್ಟು ಬೇಕು. ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದು, ಎದ್ದೊಡನೆ ನೀರು ಮುಕ್ಕಳಿಸಿ ಕುಡಿಯುವುದು, ನಾಲಿಗೆಯನ್ನು ಆದಷ್ಟು ಹಿಂದಿನಿಂದ ಮೃದುವಾಗಿ, ಗಾಯವಾಗದಂತೆ ಕೆರೆಯುವುದು, ತಿಂಡಿ ತಪ್ಪಿಸದಿರುವುದು, ಇಷ್ಟೇ. ಕೆರೆಯುವ ಸಾಧನ ಚಿನ್ನದ್ದೇ ಆಗಬೇಕಿಲ್ಲ. ಕೆಲಸ ಮಾಡುವುದು ಲೋಹಕ್ಕಿಂತ ಮುಖ್ಯವಾಗಿ ಕೆರೆತ. ಇಷ್ಟಾದ ಮೇಲೂ ದಿನವಿಡೀ ವಾಸನೆ ಉಳಿದರೆ, ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರನ್ನು ಕಾಣಬೇಕು, ಹರಳೆಣ್ಣೆಯನ್ನಲ್ಲ.

ವಿದ್ಯಾರ್ಥಿಗಳು ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳೂ ಇವೆ. ಮುಂಗೈಯನ್ನು ನೆಕ್ಕಿ ಕೆಲವು ಸೆಕೆಂಡು ಬಿಟ್ಟು ಮೂಸಿ ನೋಡುವುದು ಒಂದು. ಚೊಕ್ಕಟವಾದ ಚಮಚದಿಂದ ನಾಲಿಗೆಯ ಹಿಂಭಾಗ ಕೆರೆದು ಮೂಸುವುದು ಇನ್ನೊಂದು. ಎದ್ದೊಡನೆ, ನೀರು ಕುಡಿದ ಮೇಲೆ, ನಾಲಿಗೆ ಕೆರೆದ ಮೇಲೆ, ತಿಂಡಿಯ ನಂತರ ಹೀಗೆ ನಾಲ್ಕು ಸಲ ಮಾಡಿ ಒಂದು ವಾರ ಪಟ್ಟಿ ಬರೆದರೆ ಅದೇ ಒಳ್ಳೆಯ ಪ್ರಾಜೆಕ್ಟ್. ಮನೆಯ ಹಿರಿಯರು ಒಪ್ಪಿದರೆ ಬಾಯಿ ಮುಚ್ಚಿ ಮೂಗಿನಿಂದ ಬಿಟ್ಟ ಉಸಿರನ್ನೂ, ಮೂಗು ಹಿಡಿದು ಬಾಯಿಂದ ಬಿಟ್ಟ ಉಸಿರನ್ನೂ ಅವರಿಂದ ಹೋಲಿಸಬಹುದು. ಬಾಯಿಯ ಉಸಿರು ಮಾತ್ರ ನಾರಿದರೆ ಮೂಲ ಬಾಯಿಯಲ್ಲಿದೆ. ಆದರೆ ತರಗತಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಮೂಸುವ ಪ್ರಯೋಗವನ್ನು ಯಾವ ಅಧ್ಯಾಪಕರೂ ಮಾಡಿಸಬಾರದು.

ಏಕೆಂದರೆ ಈ ವಿಷಯದಲ್ಲಿ ನೋವಾಗುವುದು ಬಹು ಬೇಗ. ಬಾಯಿ ತೆರೆದು ಮಲಗುವ, ತಿಂಡಿ ಇಲ್ಲದೆ ಶಾಲೆಗೆ ಬರುವ, ಹುಳುಕು ಹಲ್ಲಿನ ಚಿಕಿತ್ಸೆಗೆ ಹಣವಿಲ್ಲದ ಮಗುವೇ ಬೆಂಚಿನ ತುದಿಗೆ ತಳ್ಳಿಸಿಕೊಳ್ಳುತ್ತದೆ. ಅದು ಕೊಳಕು ಮಗುವಲ್ಲ. ಅದರ ಬಾಯಲ್ಲಿ ಜೊಲ್ಲು ಕಡಿಮೆ, ಬ್ಯಾಕ್ಟೀರಿಯಗಳಿಗೆ ಬಿಡುವು ಹೆಚ್ಚು, ಅಷ್ಟೆ. ಅದನ್ನು ಒಬ್ಬಂಟಿಯಾಗಿ ಕರೆದು, ಮೆಲ್ಲಗೆ, ನೀರು ಕುಡಿಯಲು, ನಾಲಿಗೆ ಕೆರೆಯಲು ಹೇಳಿಕೊಡುವುದು ಅಧ್ಯಾಪಕರ ಕೈಯಲ್ಲಿದೆ. ಬಹುಕಾಲ ಜನ ಬಾಯಿವಾಸನೆಯನ್ನು ಗುಣದ ದೋಷವೆಂದು ಕಂಡರು. ಜಾಹೀರಾತುಗಳು ಅದನ್ನು ಭಯವನ್ನಾಗಿಸಿದವು. ಒಂದು ಉಸಿರಿನಲ್ಲಿ 70 ನ್ಯಾನೋಗ್ರಾಂ ಎಂದು ಅಳೆದ ಮೇಲೆ ಅದು ಗಂಧಕದ ಒಂದು ಅನಿಲವಾಗಿ ಉಳಿಯಿತು. ಅಳತೆ ಸಿಕ್ಕ ವಿಷಯಕ್ಕೆ ಪರಿಹಾರ ಹುಡುಕಬಹುದು, ಯಾರನ್ನೂ ಹೀಯಾಳಿಸಬೇಕಾಗಿಲ್ಲ.